ಯಲ್ಲಮ್ಮನ ಗುಡ್ಡಕ್ಕೆ ಹೋಗುವವರಿಗೆ ಒಂದೆರಡು ಮಾತು

ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಮೊದಲ ಸಲ ಹೊರಟವರು, ಅದರಲ್ಲೂ ವಯಸ್ಸಾದವರನ್ನ ಕರ್ಕೊಂಡು ಹೋಗುವವರು ಇದನ್ನ ಓದಿ.

ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಿಟ್ಟು ಹೋಗಿ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗಂತೂ ಮಹಾರಾಷ್ಟ್ರದಿಂದಲೂ ಜನ ಬರುತ್ತಾರೆ, ಕಾಲಿಡಲು ಜಾಗ ಇರಲ್ಲ. ಬೇರೆ ದಿನ ಬೆಳಿಗ್ಗೆ ಬೇಗ ಹೋದರೆ ಅಮ್ಮನ ಮುಖ ಕಣ್ತುಂಬ ನೋಡಬಹುದು.

ಜೋಗುಳಬಾವಿಯಲ್ಲಿ ಸ್ನಾನ ಮಾಡಿ ಗುಡ್ಡ ಹತ್ತುವುದು ಹಳೆಯ ಪದ್ಧತಿ. ಮೆಟ್ಟಿಲು ಒದ್ದೆ ಇರುತ್ತವೆ, ಅಜ್ಜಿಯರ ಕೈ ಬಿಡಬೇಡಿ. ಮಧ್ಯಾಹ್ನ ಗುಡಿ ಸುತ್ತಲಿನ ಕಲ್ಲು ಹಂಚಿನಂತೆ ಕಾಯುತ್ತದೆ. ಹೋದ ಬೇಸಿಗೆಯಲ್ಲಿ ನಮ್ಮವ್ವ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ನೆರಳಿಗೆ ಓಡಿದಳು. ಆಮೇಲಿಂದ ಚೀಲದಲ್ಲಿ ದಪ್ಪ ಕಾಲುಚೀಲ ಇಟ್ಟುಕೊಂಡೇ ಹೋಗುತ್ತೇವೆ.

ಭಂಡಾರ, ಅಂದ್ರೆ ಅರಿಶಿನ ಪುಡಿ, ಎಲ್ಲ ಕಡೆ ಹಾರುತ್ತಿರುತ್ತದೆ. ಒಂದು ಕಡೆ "ಉಧೋ ಉಧೋ" ಅಂತ ಕೂಗಿದರೆ ಸಾಕು, ಗಾಳಿಯೇ ಹಳದಿ. ಬಿಳಿ ಬಟ್ಟೆ ಬೇಡ. ಕಣ್ಣಿಗೆ ಬಿದ್ದರೆ ಉಜ್ಜಬೇಡಿ, ನೀರು ಹಾಕಿ ತೊಳೆಯಿರಿ.

ಪಡ್ಡಲಗಿ (ಅಮ್ಮನಿಗೆ ನೈವೇದ್ಯ ತುಂಬಿಸುವ ಬುಟ್ಟಿ) ತುಂಬಿಸುವವರು ಹೋಳಿಗೆ ಹೂರಣ ಮನೆಯಲ್ಲೇ ರುಬ್ಬಿಕೊಂಡು ಹೋಗಿ. ಅಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದರೆ ಗಾಳಿಗೆ ಉರಿ ನಿಲ್ಲಲ್ಲ, ಬೇಳೆ ಬೇಯಲು ತುಂಬಾ ಹೊತ್ತು ಬೇಕು. ಒಲೆ ಆರಿಸಿ, ಎಲೆ, ಪ್ಲಾಸ್ಟಿಕ್ ಚೀಲ ಎತ್ತಿಕೊಂಡೇ ಬನ್ನಿ. ಅದು ಅವ್ವನ ಅಂಗಳ ಅಲ್ವಾ?

ಮಕ್ಕಳ ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿ ಮರೀಬೇಡಿ.