ಪೊಟ್ಟಣ ಬಿಚ್ಚದೆ ಲೆಕ್ಕ ಸರಿ ಮಾಡಿದ್ದು

ಸೋಮವಾರಪೇಟೆ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹತ್ತನೇ ತರಗತಿಯ ರಸಾಯನಶಾಸ್ತ್ರ ಶುರುವಾಗುವುದೇ ಸಮೀಕರಣ ಸರಿದೂಗಿಸುವುದರಿಂದ. ಅದೂ ಜೂನ್‌ನಲ್ಲಿ. ಕೊಡಗಿನ ಜೂನ್ ಗೊತ್ತಲ್ವಾ, ಶೀಟಿನ ಮೇಲೆ ಮಳೆ ಹೊಡೆಯಲು ಶುರುವಾದರೆ ಮುಂದಿನ ಬೆಂಚಿಗೂ ನನ್ನ ಮಾತು ಕೇಳುವುದಿಲ್ಲ.

ಮೊದಮೊದಲು ನಾನು "ಎಡಕ್ಕೂ ಬಲಕ್ಕೂ ಪರಮಾಣುಗಳ ಸಂಖ್ಯೆ ಸಮ ಇರಬೇಕು" ಎಂದು ಬೋರ್ಡ್ ಮೇಲೆ ಬರೆದು ಮುಗಿಸುತ್ತಿದ್ದೆ. ಮಕ್ಕಳು ಸಮ ಮಾಡಿಯೇ ಕೊಡುತ್ತಿದ್ದರು! ಹೈಡ್ರೋಜನ್, ಆಕ್ಸಿಜನ್ ಸೇರಿ ನೀರಾಗುವಲ್ಲಿ ಬಲಗಡೆ ಒಂದು ಆಕ್ಸಿಜನ್ ಕಡಿಮೆ ಬಿತ್ತೆಂದು ಒಬ್ಬಳು ಎಚ್ ಟು ಓ ಕೆಳಗೆ ಇನ್ನೊಂದು ಪುಟ್ಟ 2 ಸೇರಿಸಿ, ಎಚ್ ಟು ಓ ಟು ಮಾಡಿಟ್ಟಿದ್ದಳು. ಲೆಕ್ಕ ಸರಿ. ಆದರೆ ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್. ಗಾಯಕ್ಕೆ ಹಾಕಿದರೆ ಬುಸ್ಸೆಂದು ನೊರೆ ಬರುತ್ತದಲ್ಲ, ಅದು. ತಪ್ಪು ಅವಳದ್ದಲ್ಲ. ಸೂತ್ರದ ಒಳಗಿನ ಅಂಕಿ ಬೇರೆ, ಮುಂದಿನ ಅಂಕಿ ಬೇರೆ ಎಂದು ನಾನೇ ತೋರಿಸಿರಲಿಲ್ಲ.

ಮರುವರ್ಷ ಮಕ್ಕಳ ಹತ್ತಿರ ಕಾಳುಮೆಣಸು, ಕಾಫಿ ಬೀಜ, ಹುಣಸೆ ಬೀಜ ತರಿಸಿದೆ. ಮೆಣಸು ಹೈಡ್ರೋಜನ್, ಕಾಫಿ ಆಕ್ಸಿಜನ್, ಹುಣಸೆ ಕಾರ್ಬನ್. ಹಳೇ ಪೇಪರಿನಲ್ಲಿ ಕಟ್ಟಿದ ಒಂದು ಪೊಟ್ಟಣ ಅಂದರೆ ಒಂದು ಅಣು. ಹೈಡ್ರೋಜನ್ ಪೊಟ್ಟಣದಲ್ಲಿ ಎರಡು ಮೆಣಸು, ಆಕ್ಸಿಜನ್ ಪೊಟ್ಟಣದಲ್ಲಿ ಎರಡು ಕಾಫಿ ಬೀಜ, ನೀರಿನ ಪೊಟ್ಟಣದಲ್ಲಿ ಎರಡು ಮೆಣಸು, ಒಂದು ಕಾಫಿ ಬೀಜ. ಷರತ್ತು ಒಂದೇ: ಪೊಟ್ಟಣ ಎಷ್ಟು ಬೇಕಾದರೂ ಇಡಿ, ಒಳಗಿನ ಕಾಳು ಮಾತ್ರ ಹೆಚ್ಚು ಕಡಿಮೆ ಮಾಡುವ ಹಾಗಿಲ್ಲ. ಪೊಟ್ಟಣದ ಲೆಕ್ಕವೇ ಮುಂದಿನ ದೊಡ್ಡ ಅಂಕಿ. ಮಳೆ ಹೊಯ್ಯುತ್ತಿತ್ತು, ನಾನು ಬಾಯಿ ಬಿಡಬೇಕಾಗಲೇ ಇಲ್ಲ. ಎರಡು ಪೊಟ್ಟಣ ಹೈಡ್ರೋಜನ್, ಒಂದು ಪೊಟ್ಟಣ ಆಕ್ಸಿಜನ್, ಎರಡು ಪೊಟ್ಟಣ ನೀರು ಎಂದು ಅವರೇ ಜೋಡಿಸಿದರು. (ಪೀರಿಯಡ್ ಮುಗಿದ ಮೇಲೆ ಎಣಿಸಿದರೆ ಮೆಣಸು ಯಾವಾಗಲೂ ಕಡಿಮೆ. ದ್ರವ್ಯರಾಶಿ ಸಂರಕ್ಷಣೆಯ ನಿಯಮ ಮಕ್ಕಳ ಜೇಬಿಗೆ ಅನ್ವಯಿಸುವುದಿಲ್ಲ.)

ಮಜಾ ಬಂದದ್ದು ಅಡುಗೆ ಗ್ಯಾಸಿನ ಬ್ಯೂಟೇನ್ ಉರಿಸುವಾಗ. ಒಂದು ಪೊಟ್ಟಣದಲ್ಲಿ 4 ಕಾರ್ಬನ್, 10 ಹೈಡ್ರೋಜನ್. ಬೇರೆ ಧಾತುವಿನ ಜೊತೆ ಸೇರದೆ ಒಂಟಿಯಾಗಿರುವ ಧಾತುವನ್ನು ಕೊನೆಗೆ ಬಿಡಿ ಎಂದಿದ್ದೆ. ಇಲ್ಲಿ ಅದು ಆಕ್ಸಿಜನ್. ಕಾರ್ಬನ್‌ನಿಂದ 4 ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್‌ನಿಂದ 5 ನೀರು. ಬಲಗಡೆ ಕಾಫಿ ಬೀಜ 13. ಆಕ್ಸಿಜನ್ ಪೊಟ್ಟಣದಲ್ಲಿ ಇರುವುದು ಎರಡೆರಡು. ಆರೂವರೆ ಪೊಟ್ಟಣ ಬೇಕು! "ಸಾರ್, ಅರ್ಧ ಪೊಟ್ಟಣ ಎಲ್ಲಿಂದ ತರೋದು?" ನಾನು ಸುಮ್ನೆ ನಿಂತೆ. ಸ್ವಲ್ಪ ಹೊತ್ತಿಗೆ ಹಿಂದಿನ ಬೆಂಚಿನವನು ಎಲ್ಲವನ್ನೂ ಡಬಲ್ ಮಾಡಿದ: 2 ಬ್ಯೂಟೇನ್, 13 ಆಕ್ಸಿಜನ್, 8 ಕಾರ್ಬನ್ ಡೈಆಕ್ಸೈಡ್, 10 ನೀರು.

ಆವರಣ (ಬ್ರಾಕೆಟ್) ಇರುವ ಸೂತ್ರಗಳಿಗೆ ದೊಡ್ಡ ಪೊಟ್ಟಣದೊಳಗೆ ಚಿಕ್ಕ ಪೊಟ್ಟಣ ಇಟ್ಟು ನೋಡಿದೆ. ಅಷ್ಟೇನೂ ಕೈ ಹಿಡಿಯಲಿಲ್ಲ. ಅಲ್ಲಿ ಈಗಲೂ ತಪ್ಪುತ್ತಾರೆ.

ಆ ಹಿಂದಿನ ಬೆಂಚಿನ ಹುಡುಗನೇ ಇನ್ನೊಂದು ದಿನ ಗಿಡಗಳಿಗೆ ರೋಗ ಬಾರದಂತೆ ಸಿಂಪಡಿಸುವ ಬೋರ್ಡೋ ದ್ರಾವಣದ ವಿಷಯ ತೆಗೆದ. ಮೆಣಸಿನ ಬಳ್ಳಿಗೆ ಹೊಡೆಯಲು ಅವರ ಮನೆಯಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣ ಹಾಕುತ್ತಾರೆ. ಸಮೀಕರಣದಲ್ಲೂ ಒಂದಕ್ಕೆ ಒಂದು. "ಎರಡೂ ಒಂದೇ ಅಲ್ವಾ ಸಾರ್?" ಒಳ್ಳೆಯ ಪ್ರಶ್ನೆ. ಸಮೀಕರಣ ಎಣಿಸುವುದು ಅಣುಗಳನ್ನು, ಕಿಲೋಗಳನ್ನಲ್ಲ. ಮೈಲುತುತ್ತದ ಹರಳಿನಲ್ಲಿ ನೀರೂ ಸೇರಿದೆ, ಅದರ ಸೂತ್ರದ ತೂಕ ಸುಮಾರು 250. ಅರಳಿದ ಸುಣ್ಣದ್ದು 74. ಅಂದರೆ ಒಂದು ಕಿಲೋ ಮೈಲುತುತ್ತಕ್ಕೆ ಲೆಕ್ಕದ ಪ್ರಕಾರ 300 ಗ್ರಾಂ ಸುಣ್ಣ ಸಾಕು.

"ಹಾಗಾದ್ರೆ ಅಪ್ಪ ಸುಣ್ಣ ಜಾಸ್ತಿ ಹಾಕ್ತಾರಾ?" ಹೌದು, ಬೇಕೆಂದೇ. ಕಾಪರ್ ಸಲ್ಫೇಟ್ ಹಾಗೇ ಉಳಿದರೆ ಎಲೆ ಸುಟ್ಟುಹೋಗುತ್ತದೆ. ಸಂತೆಯ ಸುಣ್ಣ ಪೂರ್ತಿ ಶುದ್ಧವೂ ಇರುವುದಿಲ್ಲ. ದ್ರಾವಣಕ್ಕೆ ಕತ್ತಿ ಅದ್ದಿ, ಅದರ ಮೇಲೆ ಕೆಂಪು ಬಣ್ಣ ಕೂತರೆ ಇನ್ನಷ್ಟು ಸುಣ್ಣ ಹಾಕುತ್ತಾರಲ್ಲ, ಆ ಕೆಂಪು ತಾಮ್ರ. ಕಬ್ಬಿಣ ಅದನ್ನು ಹೊರಗೆ ತಳ್ಳಿರುತ್ತದೆ. ಅದೂ ನಮ್ಮ ಪಾಠದಲ್ಲೇ ಇರುವ ಸ್ಥಾನಪಲ್ಲಟ ಕ್ರಿಯೆ. ಮನೆಗೆ ಹೋಗಿ ಅಪ್ಪನಿಗೆ 300 ಗ್ರಾಂ ಲೆಕ್ಕ ಮಾತ್ರ ಹೇಳಬೇಡ ಮಾರಾಯ ಎಂದೆ.