ಉಜ್ಜದೆ ಹುಳ ಬಿಡಿಸುವುದು: ಒದ್ದೆ ಬಟ್ಟೆ ಕೊಟ್ಟ ಫಲ

‘ಬರೀ ಒದ್ದೆ ಬಟ್ಟೆ ಹೊದಿಸಿದರೆ ಕಾರಿಗೆ ಅಂಟಿ ಒಣಗಿದ ಹುಳ ಬಿಡುತ್ತಾ?’ ಎಂದು ನಕ್ಕವರೇ ಈಗ ಬಟ್ಟೆ ಎಷ್ಟು ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ತೂಕ) ತಗೋಬೇಕು ಅಂತ ಕೇಳುತ್ತಿದ್ದಾರೆ. ವಾಟರ್ ಸರ್ವಿಸ್ ಕೆಲಸದಲ್ಲಿರುವವರಿಗೆ ಫೋಮ್ ಗನ್, ಎರಡು ಬಕೆಟ್, ಶಾಂಪೂ ಬಗ್ಗೆ ಪಾಠ ಬೇಕಿಲ್ಲ. ಹುಳ, ಡಾಂಬರು, ಕೆಮ್ಮಣ್ಣು, ನೀರಿನ ಕಲೆ, ಇಷ್ಟರ ಬಗ್ಗೆ ಮಾತ್ರ ಬರೆಯುತ್ತೇನೆ.

ಹುಳಗಳಲ್ಲೂ ತರಾವರಿ ಇದೆ. ದಾವಣಗೆರೆ, ಹರಿಹರ, ಆ ಕಡೆ ಗಂಗಾವತಿ, ಸಿಂಧನೂರಿನ ಗದ್ದೆ ಬಯಲಲ್ಲಿ ರಾತ್ರಿ ಓಡಿದ ಗಾಡಿಗೆ ಹೆಡ್‌ಲೈಟ್ ಬೆಳಕಿಗೆ ಬರುವ ಹಸಿರು ಜಿಗಿಹುಳು ಪುಡಿ ಎರಚಿದ ಹಾಗೆ ಅಂಟಿರುತ್ತದೆ. ಅದು ಸುಲಭ. ಮೊದಲ ಮಳೆಯ ಸಂಜೆ ಏಳುವ ಈಸಲು ಹುಳದಲ್ಲಿ ಕೊಬ್ಬು ಜಾಸ್ತಿ, ಜಿಡ್ಡಾಗಿ ಹರಡುತ್ತದೆ, ರೆಕ್ಕೆ ಬೇರೆಯಾಗಿ ಅಂಟುತ್ತದೆ. ದೊಡ್ಡ ದುಂಬಿಯದ್ದೇ ನಿಜವಾದ ಕಾಟ. ಅದರ ಚಿಪ್ಪು ಗಟ್ಟಿ, ಜೊತೆಗೆ ರಸ್ತೆಯ ಮರಳು ಸೇರಿಕೊಂಡಿರುತ್ತದೆ. ಹಾಗೇ ಉಜ್ಜಿದರೆ ಆ ಚಿಪ್ಪೇ ಗೀರು ಹಾಕುತ್ತದೆ. ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಇರುವುದೇ ಹೆಚ್ಚುಕಮ್ಮಿ 40 ಮೈಕ್ರಾನ್. ಪ್ರತಿ ಸಲ ಗೀರು ಬಿದ್ದಾಗಲೂ ಪಾಲಿಶ್ ಹೊಡೆಯುತ್ತಾ ಹೋದರೆ ಅದು ಎಷ್ಟು ದಿನ ಬಂದೀತು?

ಗಿರಾಕಿ ಗಾಡಿ ಮೇಲೆ ಪ್ರಯೋಗ ಮಾಡಬಾರದು. ಗುಜರಿಯಲ್ಲಿ ಮುನ್ನೂರು ರೂಪಾಯಿ ಆಸುಪಾಸಿಗೆ ಕಪ್ಪು ಬಂಪರ್ ಸಿಗುತ್ತದೆ. ಅದಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ ಪಟ್ಟಿ ಪಟ್ಟಿ ಮಾಡಿಕೊಂಡು ಒಂದೊಂದರ ಮೇಲೆ ಒಂದೊಂದು ಮದ್ದು ನೋಡಿದ್ದು. ನೈಲಾನ್ ಸ್ಕ್ರಬ್ಬರ್ ಮಾತೇ ಬೇಡ, ಬಿಸಿಲಿಗೆ ಹಿಡಿದರೆ ಜೇಡರ ಬಲೆಯ ಹಾಗೆ ಗೀರು. ಪಾತ್ರೆ ಸೋಪಿನ ನೀರಿಗೆ ಹುಳ ಸುಮಾರಾಗಿ ಬಿಡುತ್ತದೆ, ಆದರೆ ವ್ಯಾಕ್ಸೂ ಸವೆಯುತ್ತದೆ. ಸೀಮೆಎಣ್ಣೆ ಡಾಂಬರಿಗೆ ಸರಿ, ಹುಳಕ್ಕೆ ದಂಡ. ಹುಳದ ಅಂಟು ಪ್ರೋಟೀನು, ಅದಕ್ಕೆ ಬೇಕಿರುವುದು ನೀರು. ತುಕ್ಕು ಬಿಡಿಸುವ ಸ್ಪ್ರೇ ಕೆಲಸ ಮಾಡುತ್ತದೆ, ಆದರೆ ಡಬ್ಬಕ್ಕೆ ಮುನ್ನೂರರ ಮೇಲೆ, ಮೂರು ಗಾಡಿಗೆ ಖಾಲಿ. ಫೋಮ್ ನೋಡಲು ಚೆಂದ, ನಿಂತ ಬಂಪರ್ ಮೇಲೆ ಮೂರು ನಾಲ್ಕು ನಿಮಿಷಕ್ಕೆ ಜಾರಿ ಕೆಳಗಿರುತ್ತದೆ. ಅಷ್ಟರಲ್ಲಿ ಹುಳ ನೆನೆಯುವುದಿಲ್ಲ. ಕುದಿಯುವ ನೀರು ಹಾಕಿದರೆ ಇನ್ನೂ ಕೆಟ್ಟದ್ದು: ಮೊಟ್ಟೆ ಬೆಂದ ಹಾಗೆ ಪ್ರೋಟೀನ್ ಗಟ್ಟಿಯಾಗುತ್ತದೆ. ಪ್ರೆಶರ್ ಗನ್ ಹತ್ತಿರ ಹಿಡಿದರೆ ಜಲ್ಲಿ ಏಟು ಬಿದ್ದ ಕಡೆ ಪೇಂಟೇ ಸಿಪ್ಪೆ ಎದ್ದು ಬರುತ್ತದೆ. ಬಂಪರ್ ಮತ್ತೆ ಪೇಂಟ್ ಅಂದರೆ ನಾಲ್ಕೈದು ಸಾವಿರ ಕೈಬಿಟ್ಟ ಹಾಗೆ.

ಈ ಎಲ್ಲದರಿಂದ ಗೊತ್ತಾಗಿದ್ದು ಇಷ್ಟು: ಹುಳಕ್ಕೆ ಬೇಕಾದ್ದು ಖಾರವಾದ ಕೆಮಿಕಲ್ ಅಲ್ಲ, ಒಣಗದೆ ಹದಿನೈದು ನಿಮಿಷ ನಿಲ್ಲುವ ನೀರು. ನಿಂತ ಬಂಪರ್ ಮೇಲೆ ನೀರು ನಿಲ್ಲಿಸಲು ಬಟ್ಟೆಗಿಂತ ಅಗ್ಗದ್ದು ಇಲ್ಲ.

ಗಾಡಿ ನೆರಳಿನಲ್ಲಿರಲಿ. ಬಾನೆಟ್ ಮೇಲೆ ಕೈ ಹಿಂಬದಿ ಇಟ್ಟರೆ ತಣ್ಣಗಿರಬೇಕು, ದೂರದಿಂದ ಬಂದ ಗಾಡಿಗೆ ಮುಕ್ಕಾಲು ಗಂಟೆಯಾದರೂ ಬಿಡಿ. ಮೊದಲು ಬರೀ ನೀರು, ಬಿಳಿ ನಾಝಲ್ (ಅಗಲವಾಗಿ ಚಿಮ್ಮುವಂಥದ್ದು), ಒಂದೂವರೆ ಅಡಿ ದೂರ. ಮಲೆನಾಡು, ಕರಾವಳಿಯಿಂದ ಬಂದ ಗಾಡಿಯಾದರೆ ವೀಲ್ ಆರ್ಚ್ (ಚಕ್ರದ ಮೇಲಿನ ಕಮಾನು) ಒಳಗಿನ ಕೆಮ್ಮಣ್ಣು ಮೊದಲೇ ಇಳಿಸಿ. ಇಲ್ಲದಿದ್ದರೆ ಆಮೇಲೆ ತೊಟ್ಟಿಕ್ಕುವ ಮಣ್ಣುನೀರು ಬಟ್ಟೆಗೆ ಬರುತ್ತದೆ, ಬಟ್ಟೆ ಮರಳುಕಾಗದ ಆಗುತ್ತದೆ.

ಬಟ್ಟೆ 350ರಿಂದ 400 ಜಿಎಸ್‌ಎಂ ಮೈಕ್ರೋಫೈಬರ್, 40x60 ಸೆಂ.ಮೀ. ಅಳತೆ, ನಾಲ್ಕು ಸಾಕು. ತೆಳ್ಳಗಿನದ್ದು ಬೇಗ ಒಣಗುತ್ತದೆ, 800ರ ದಪ್ಪದ್ದು ಭಾರಕ್ಕೆ ಜಾರುತ್ತದೆ. ಐದು ಲೀಟರ್ ನೀರಿಗೆ ಕಾರಿನ ಶಾಂಪೂ ಎರಡು ಮುಚ್ಚಳ, ಅಂದರೆ 30 ಎಂಎಲ್ ಹತ್ತಿರ. ನೀರು ಕೈ ತಡೆಯುವಷ್ಟು ಬೆಚ್ಚಗೆ, 40-45 ಡಿಗ್ರಿ. ಬಟ್ಟೆ ಅದ್ದಿ ಹಿಂಡದೆ, ಸೋರುತ್ತಿರುವ ಹಾಗೇ ಹೊದಿಸಿ. ಎರಡು ಬಟ್ಟೆ ಬಂಪರ್‌ಗೆ, ಒಂದು ಬಾನೆಟ್ ಮೂತಿಗೆ, ಒಂದನ್ನು ಮಡಚಿ ಕನ್ನಡಿಗಳಿಗೆ. ಅಂಗೈಯಿಂದ ಒತ್ತಿ ಅಡಿಯ ಗಾಳಿ ತೆಗೆಯಿರಿ. ಗಾಳಿ ಇದ್ದಲ್ಲಿ ಹುಳ ಒಣಗಿಯೇ ಉಳಿಯುತ್ತದೆ. ಐದು ನಿಮಿಷಕ್ಕೊಮ್ಮೆ ಅರ್ಧ ಮಗ್ ನೀರು ಮೇಲಿಂದ ಬಿಡುತ್ತಿರಿ. ಆ ಹೊತ್ತಲ್ಲಿ ಚಕ್ರ ತೊಳೆದು ಮುಗಿಯುತ್ತದೆ, ಹಾಗಾಗಿ ‘ಟೈಮ್ ವೇಸ್ಟ್’ ಅನ್ನುವ ವಾದ ನಿಲ್ಲುವುದಿಲ್ಲ.

ಬಟ್ಟೆಯನ್ನು ಎಳೆದು ತೆಗೆಯಬೇಡಿ. ಮೇಲಿನ ಅಂಚು ಹಿಡಿದು ಕೆಳಕ್ಕೆ ಮಗುಚುತ್ತಾ ಬಂದರೆ ಅರ್ಧಕ್ಕಿಂತ ಹೆಚ್ಚು ಹುಳ ಬಟ್ಟೆಗೇ ಬರುತ್ತದೆ. ನಂತರ ಬೇರೆ ಬಟ್ಟೆ, ಎಂಟು ಮುಖ ಬರುವಂತೆ ಮಡಚಿ, ಭಾರ ಹಾಕದೆ ಒಂದೇ ದಿಕ್ಕಿನಲ್ಲಿ ಒಂದು ಸಲ ಸವರಿ, ಮುಖ ಬದಲಿಸಿ. ಉಳಿದರೆ ಮತ್ತೆ ಹತ್ತು ನಿಮಿಷ ಹೊದಿಸುವುದು, ಉಜ್ಜುವುದಲ್ಲ. ಅದಕ್ಕೂ ಬಗ್ಗದ ಕಪ್ಪು ಚುಕ್ಕೆಗೆ ಎಪಿಸಿ (ಎಲ್ಲಾ ಬಗೆಯ ಕೊಳೆಗೆ ಬಳಸುವ ಕ್ಲೀನರ್) ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ಹಾಕಿ, ಅರ್ಧ ನಿಮಿಷ ಬಿಟ್ಟು ತೊಳೆಯಿರಿ. ನಾಲ್ಕು ಬಟ್ಟೆಗೆ ನಾನೂರೈವತ್ತು ಕೊಟ್ಟ ನೆನಪು, ಒಂದು ಸೀಸನ್ ಆರಾಮಾಗಿ ಬರುತ್ತವೆ. ಶಾಂಪೂ ಖರ್ಚು ಗಾಡಿಗೆ ಏಳೆಂಟು ರೂಪಾಯಿ. ಮುಂಭಾಗಕ್ಕೆ ನೂರೈವತ್ತು ಹೆಚ್ಚಿಗೆ ಕೇಳಿದರೆ ಯಾರೂ ಚೌಕಾಸಿ ಮಾಡುವುದಿಲ್ಲ, ಫಲ ಕಣ್ಣೆದುರೇ ಇರುತ್ತದೆ. ಬಟ್ಟೆ ಬೇರೆಯಾಗಿ ಒಗೆಯಿರಿ, ಕಂಫರ್ಟ್ ತರಹದ್ದು ಹಾಕಬೇಡಿ, ಬೆಳಕಿಗೆ ಹಿಡಿದು ಎಳೆಯಲ್ಲಿ ಹುಳದ ಕಾಲು ಸಿಕ್ಕಿಕೊಂಡಿದೆಯಾ ನೋಡಿ.

ಎರಡು ವಾರ ಬಿಸಿಲಲ್ಲಿ ನಿಂತ ಗಾಡಿಗೆ ಶಾಂಪೂ ಬದಲು ಎನ್‌ಜೈಮ್ ಇರುವ ಬಟ್ಟೆ ಒಗೆಯುವ ಲಿಕ್ವಿಡ್ ಹಾಕಿ ನೋಡಿದೆ, ಲೀಟರಿಗೆ 5 ಎಂಎಲ್. ಎದ್ದು ಕಾಣುವ ವ್ಯತ್ಯಾಸ. ಪ್ರೋಟೀನ್ ಕರಗುತ್ತದೆ, ಚಿಪ್ಪು ಕರಗದಿದ್ದರೂ ಹಿಡಿತ ಬಿಡುತ್ತದೆ. ಪೌಡರ್ ಬೇಡ, ಕ್ಷಾರ ಜಾಸ್ತಿ, ಕರಗದ ಹರಳು ಗೀರುತ್ತದೆ. ಅದೇ ಹುಕಿಯಲ್ಲಿ ಪಪ್ಪಾಯಿ ಕಾಯಿ ಹಾಲನ್ನೂ ಗುಜರಿ ಬಂಪರಿಗೆ ಹಚ್ಚಿದ್ದಾಯಿತು, ಅದರಲ್ಲೂ ಪ್ರೋಟೀನ್ ಕರಗಿಸುವ ಗುಣ ಇದೆಯಲ್ಲ. ಹುಳ ಬಿಟ್ಟಿತು, ಹಾಲಿನ ಅಂಟು ಬಿಡಿಸುವಷ್ಟರಲ್ಲಿ ಸಾಕಾಯಿತು.

ಹುಳ ಹೋದ ಮೇಲೂ ನೆರಳಿನಂಥ ಗುರುತು ಉಳಿದರೆ ತೆಳು ಪ್ಲಾಸ್ಟಿಕ್ ಕವರ್ ಒಳಗೆ ಬೆರಳು ಹಾಕಿ ಸವರಿ. ತರಿ ಸಿಕ್ಕರೆ ಇನ್ನೂ ಕೊಳೆ ಇದೆ. ನುಣ್ಣಗಿದ್ದೂ ಮಂಕಾಗಿದ್ದರೆ ಕ್ಲಿಯರ್ ಕೋಟೇ ಸವೆದಿದೆ, ಯಾವ ಬಟ್ಟೆಗೂ ಹೋಗದು, ಗಿರಾಕಿಗೆ ಆಗಲೇ ತೋರಿಸಿಬಿಡಿ. ಕಪ್ಪು ಗಾಡಿಯಲ್ಲಿ ಮೆಶಿನ್ ಇಲ್ಲದೆ ಆ ಗುರುತು ತಗ್ಗಿಸುವ ದಾರಿಯೊಂದಿದೆ. ಅದು ನನ್ನ ಹೊಟ್ಟೆಪಾಡಿನ ಗುಟ್ಟು, ಇಲ್ಲಿ ಬೇಡ.

ಡಾಂಬರು ಚುಕ್ಕೆಗೆ ನೀರು ನಾಟುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ, ನಿಧಾನ ಆದರೂ ಪೇಂಟಿಗೆ ಭಯವಿಲ್ಲ. ಅವಸರಕ್ಕೆ ಪೇಂಟ್ ಅಂಗಡಿಯ ಟರ್ಪೆಂಟೈನ್, ಹತ್ತಿಗೆ ಅದ್ದಿ ಚುಕ್ಕೆ ಮೇಲೆ ಮಾತ್ರ, ಬಾಗಿಲ ಕೆಳಗೆ ಕಾಣದ ಕಡೆ ಮೊದಲು ನೋಡಿಕೊಂಡು. ಥಿನ್ನರ್ ಮುಟ್ಟಲೇಬೇಡಿ, ರೀಪೇಂಟ್ ಆದ ಗಾಡಿಯಾದರೆ ಬಣ್ಣವೇ ಬಟ್ಟೆಗೆ ಬರುತ್ತದೆ, ಹೆಡ್‌ಲೈಟ್ ಪ್ಲಾಸ್ಟಿಕ್ ಒಳಗೊಳಗೇ ಬಿರುಕು ಬಿಡುತ್ತದೆ. ಜಿಡ್ಡನ್ನು ಶಾಂಪೂ ಹಾಕಿ ತೊಳೆದು ಆಮೇಲೆ ಕ್ಲೇ (ಅಂಟಿದ ಕೊಳೆ ಎತ್ತುವ ಜೇಡಿಯಂಥ ಮೆತ್ತನೆ ಉಂಡೆ) ಸವರಿ.

ಬೋರ್ ನೀರಿನ ಬಿಳಿ ಕಲೆಗೆ ಎಲ್ಲರೂ ಆರ್‌ಒ ಅನ್ನುತ್ತಾರೆ. ಎಸಿಯಿಂದ ತೊಟ್ಟಿಕ್ಕುವ ನೀರು ಪುಕ್ಕಟೆ, ಅದರಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ. ಬಟ್ಟೆಯಲ್ಲಿ ಸೋಸಿ ಕೊನೆಯ ತೊಳೆತಕ್ಕೆ ಎರಡು ಮೂರು ಲೀಟರ್ ಬಳಸಿದರೆ ಒರೆಸದಿದ್ದರೂ ಕಲೆ ಕೂರುವುದಿಲ್ಲ.

ಗ್ರಿಲ್ ಹಿಂದೆ ಎಸಿ ಕಂಡೆನ್ಸರ್‌ನಲ್ಲಿ ಸಿಕ್ಕಿದ ಹುಳಕ್ಕೆ ಪ್ರೆಶರ್ ಗನ್ ಹಿಡಿಯಬೇಡಿ, ಅದರ ತೆಳು ಲೋಹದ ಎಸಳು (ಫಿನ್) ಮಡಚಿಕೊಂಡು ಗಾಳಿ ನಿಂತು ಎಸಿ ಕೂಲಿಂಗ್ ಬೀಳುತ್ತದೆ. ಎಂಜಿನ್ ತಣ್ಣಗಾದ ಮೇಲೆ ಸಾದಾ ಪೈಪ್ ನೀರು, ಕೈ ಹೋಗುವ ಗಾಡಿಯಲ್ಲಿ ಒಳಗಿಂದ ಹೊರಕ್ಕೆ, ನೇರವಾಗಿ ಬಿಡಿ. ಗಾಜಿಗೂ ಬಟ್ಟೆಯ ವಿಧಾನವೇ ನಡೆಯುತ್ತದೆ. ವೈಪರ್ ಎತ್ತಿ ರಬ್ಬರ್ ಅಂಚನ್ನೂ ಒದ್ದೆ ಬಟ್ಟೆಯಲ್ಲಿ ಒಂದೆರಡು ಸಲ ಒರೆಸಿ, ಅಲ್ಲಿ ಕೂತ ಮರಳೇ ಗಾಜಿನ ಮೇಲೆ ಕಮಾನು ಗೀರು ಹಾಕುವುದು.