ನಡುವಿನಲ್ಲಿ ಇಲ್ಲದ ಕೋಶಕೇಂದ್ರ

ಉಡುಪಿ ಹತ್ತಿರದ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ತುಂಬಾ ವರ್ಷ ಜೀವಕೋಶದ ಪಾಠ ಒಂದೇ ರೀತಿ ನಡೆಯಿತು. ಬೋರ್ಡಿನಲ್ಲಿ ದೊಡ್ಡದೊಂದು ವೃತ್ತ, ಅದರ ನಡುವೆ ಸಣ್ಣದೊಂದು ವೃತ್ತ. ‘ನಡುವೆ ಇದೆಯಲ್ಲ, ಅದಕ್ಕೇ ಕೋಶಕೇಂದ್ರ, ಇಂಗ್ಲಿಷಿನಲ್ಲಿ ನ್ಯೂಕ್ಲಿಯಸ್’ ಎಂದು ಹೇಳಿ ಮುಂದೆ ಹೋಗುತ್ತಿದ್ದೆ.

ಒಂದು ಮಳೆಗಾಲ ಮಕ್ಕಳಿಂದಲೇ ನೀರುಳ್ಳಿಯ ಸ್ಲೈಡ್ ಮಾಡಿಸಿದೆ. ಸ್ಲೈಡಿಗೆ ಹಾಕುವ ಸಫ್ರಾನಿನ್ ಬಣ್ಣ ಲ್ಯಾಬಿನಲ್ಲಿ ಒಣಗಿ ಹೋಗಿತ್ತು. ಮೆಡಿಕಲ್ ಶಾಪಿನ ಟಿಂಚರ್ ಅಯೋಡಿನ್‌ಗೆ ನೀರು ಬೆರೆಸಿ ಹಾಕಿದೆವು. ಮೊದಲು ‘ಸಿಕ್ಕಿತು ಸಿಕ್ಕಿತು’ ಎಂದು ಎಲ್ಲರೂ ಕೂಗಿದ್ದು ಗಾಳಿಗುಳ್ಳೆಗಳನ್ನು ನೋಡಿ! ಉರುಟಾಗಿ, ಕಪ್ಪು ಅಂಚಿನೊಂದಿಗೆ ಎದ್ದು ಕಾಣುತ್ತವಲ್ಲ. ಕವರ್ ಸ್ಲಿಪ್ಪನ್ನು ಸೂಜಿಯ ಮೇಲೆ ಓರೆಯಾಗಿಟ್ಟು ನಿಧಾನ ಇಳಿಸಿದ ಮೇಲೆ ಗುಳ್ಳೆ ಕಡಿಮೆಯಾದವು. ಆಗ ನಿಜವಾದದ್ದು ಕಾಣಿಸಿತು. ಹಳದಿ ಮಿಶ್ರಿತ ಕಂದು ಬಣ್ಣದ ಚುಕ್ಕೆ.

ಹಿಂದಿನ ಬೆಂಚಿನ ಹುಡುಗಿ ಕಣ್ಣು ತೆಗೆಯದೆ ಕೇಳಿದಳು: “ಟೀಚರ್, ನೀವು ಕೇಂದ್ರ ಅಂತೀರಿ. ಇದು ಗೋಡೆಗೆ ಅಂಟಿಕೊಂಡು ಕೂತಿದೆ ಅಲ್ವಾ?”

ಹೌದು ಮಾರಾಯ್ರೆ. ಬಲಿತ ಸಸ್ಯಕೋಶದಲ್ಲಿ ರಸದಾನಿ, ಅಂದರೆ ರಸ ತುಂಬಿದ ಚೀಲ, ಉಬ್ಬಿ ಜಾಗವನ್ನೆಲ್ಲ ಹಿಡಿಯುತ್ತದೆ, ಕೋಶಕೇಂದ್ರ ಬದಿಗೆ ಸರಿಯುತ್ತದೆ. ನನಗೆ ಗೊತ್ತಿದ್ದ ವಿಷಯವೇ. ಆದರೆ ಬೋರ್ಡಿನಲ್ಲಿ ಬರೆಯುವಾಗ ಪದ ನನ್ನ ಕೈ ಹಿಡಿದು ನಡುವಿಗೇ ಎಳೆಯುತ್ತಿತ್ತು.

ಅಂದಿನಿಂದ ಪದದ ಹುಟ್ಟನ್ನು ಮೊದಲು ಹೇಳುತ್ತೇನೆ. 1831ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಆರ್ಕಿಡ್ ಗಿಡಗಳ ಕೋಶಗಳಲ್ಲಿ ಈ ಚುಕ್ಕೆಯನ್ನು ಗಮನಿಸಿ ನ್ಯೂಕ್ಲಿಯಸ್ ಎಂದು ಕರೆದ. ನಮ್ಮಲ್ಲಿ ಹಲಸಿನ ಮರದ ಮೇಲೆ ಹೂ ಬಿಡುವ ಸೀತಾಳೆ ದಂಡೆಯೂ ಆರ್ಕಿಡ್ಡೇ ಎಂದರೆ ಮಕ್ಕಳ ಮುಖ ಅರಳುತ್ತದೆ. ಲ್ಯಾಟಿನ್ನಿನಲ್ಲಿ ನ್ಯೂಕ್ಲಿಯಸ್ ಎಂದರೆ ಕಾಯಿಯೊಳಗಿನ ತಿರುಳು. ನಡು ಎಂಬ ಮಾತೇ ಇಲ್ಲ. ಗೇರುಬೀಜದ ಕಾರ್ಖಾನೆಗೆ ಹೋಗುವ ಅಮ್ಮಂದಿರ ಮಕ್ಕಳು ನಮ್ಮ ತರಗತಿಯಲ್ಲಿ ಇದ್ದಾರೆ. ತಿರುಳು ಅವರಿಗೆ ಬಿಡಿಸಿ ಹೇಳಬೇಕಾದ ಪದವಲ್ಲ.

ಹೋಲಿಕೆಯನ್ನು ಜಾಸ್ತಿ ಎಳೆಯಬಾರದು. ಗೇರುಬೀಜದ ತಿರುಳಿನ ಸಿಪ್ಪೆ ಸುಮ್ನೆ ಹೊದಿಕೆ. ಕೋಶಕೇಂದ್ರದ ಪೊರೆ ಎರಡು ಪದರದ್ದು, ಅದರಲ್ಲಿ ರಂಧ್ರಗಳಿವೆ. ಡಿಎನ್ಎ ಒಳಗೇ ಉಳಿಯುತ್ತದೆ, ಅದರ ಸಂದೇಶ ಹೊತ್ತ ಆರ್‌ಎನ್‌ಎ ಹೊರಗೆ ಹೋಗುತ್ತದೆ.

ಈ ಡಿಎನ್ಎ ಸುತ್ತಿಕೊಂಡಿರುವ ಎಳೆಗೆ ನಾವು ಹೇಳುವ ‘ವರ್ಣತಂತು’ ಎಂಬ ಪದ ಇನ್ನೊಂದು ತಲೆನೋವು. ‘ಯಾವ ವರ್ಣ?’ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಅದಕ್ಕೆ ಸ್ವಂತ ಬಣ್ಣವಿಲ್ಲ, ನಾವು ಹಾಕುವ ಬಣ್ಣವನ್ನು ಚೆನ್ನಾಗಿ ಹೀರುತ್ತದೆ ಅಷ್ಟೆ. 1888ರಲ್ಲಿ ಜರ್ಮನ್ ವಿಜ್ಞಾನಿ ವಾಲ್ಡೇಯರ್ ಇಟ್ಟ ಕ್ರೋಮೋಸೋಮ್ ಎಂಬ ಹೆಸರಿಗೆ ಗ್ರೀಕಿನಲ್ಲಿ ‘ಬಣ್ಣದ ದೇಹ’ ಎಂದು ಅರ್ಥ. ಕನ್ನಡದಲ್ಲಿ ದೇಹ ಹೋಗಿ ತಂತು ಬಂತು. ನನಗೆ ಇದೇ ಇಷ್ಟ, ಕೋಶ ವಿಭಜನೆಯಾಗುವಾಗ ಕಾಣುವುದು ನೂಲಿನ ತುಂಡುಗಳ ಹಾಗೇ.

ನೀರುಳ್ಳಿಯ ಬೇರಿನ ತುದಿ ಜಜ್ಜಿ, ಅಸಿಟೋಕಾರ್ಮಿನ್ ಬಣ್ಣ ಹಾಕಿ ವರ್ಣತಂತುಗಳನ್ನು ಎಣಿಸಲು ಹೊರಟೆವು. 16 ಇರಬೇಕು. ಒಬ್ಬ 11 ಎಂದ, ಇನ್ನೊಬ್ಬಳು 20 ಎಂದಳು. ನನಗಂತೂ ಬರೀ ಗೋಜಲು ಕಂಡಿತು. ಮನುಷ್ಯರಲ್ಲಿ 46 ಎಂದು ಸರಿಯಾಗಿ ಎಣಿಸಿದ್ದೇ 1956ರಲ್ಲಿ, ಅದಕ್ಕೆ ಮೊದಲು 30 ವರ್ಷಕ್ಕೂ ಜಾಸ್ತಿ ಕಾಲ 48 ಎಂದೇ ನಂಬಿದ್ದರು ಎಂದು ಹೇಳಿ ಮಾನ ಉಳಿಸಿಕೊಂಡೆ.

ಕೋಶಕೇಂದ್ರದ ಒಳಗೆ, ಪ್ರೋಟೀನ್ ಕಟ್ಟುವ ರೈಬೋಸೋಮಿನ ಭಾಗಗಳು ತಯಾರಾಗುವ ನ್ಯೂಕ್ಲಿಯೋಲಸ್ ಇದೆ. ಪುಸ್ತಕದಲ್ಲಿ ‘ಕಿರುಕೋಶಕೇಂದ್ರ’. ಕಿರುಪರೀಕ್ಷೆಯಲ್ಲಿ ಒಬ್ಬ ಹುಡುಗ ‘ಮರಿ ತಿರುಳು’ ಎಂದು ಬರೆದಿದ್ದ. ಲ್ಯಾಟಿನ್ ಅರ್ಥಕ್ಕೆ ಅದೇ ಹತ್ತಿರ! ಅರ್ಧ ಅಂಕ ಕೊಟ್ಟು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಪುಸ್ತಕದ ಪದ ಬರೆದೆ. ಪಬ್ಲಿಕ್ ಪರೀಕ್ಷೆಯ ಪೇಪರ್ ನೋಡುವುದು ನಾನಲ್ಲವಲ್ಲ.